ಟಿಎಂಎಸ್ ಚಿಕಿತ್ಸೆ ಮುಗಿದ ಮೇಲೆ ಅದರ ಗುಣ ಎಷ್ಟು ದಿನ ಉಳಿಯುತ್ತದೆ?

ತಂಗಿಗೆ ಡಿಪ್ರೆಶನ್‌ಗಾಗಿ ಟಿಎಂಎಸ್ (ತಲೆಯ ಮೇಲೆ ಕಾಯಿಲ್ ಅನ್ನೋ ತಂತಿ ಸುರುಳಿ ಇಟ್ಟು ಅಯಸ್ಕಾಂತದ ಮಿಡಿತಗಳನ್ನು ಮೆದುಳಿಗೆ ಕೊಡುವ ಚಿಕಿತ್ಸೆ) ಮುಗಿದು ಮೂರು ವಾರ ಆಗಿದೆ, ಈಗ ನಗುತ್ತಾ ಓಡಾಡುತ್ತಿದ್ದಾಳೆ, ಆದರೆ ಈ ನಗು ಎಷ್ಟು ದಿನದ್ದೋ ಅನ್ನೋ ಹೆದರಿಕೆಗೆ ನಿಮಗೆ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಅಕ್ಕ ನೆನಪಾದಳು. ನಾನು ಡಾಕ್ಟರ್ ಅಲ್ಲ. ಆದರೆ ಆ ಚಿಕಿತ್ಸೆಯ ಕುರ್ಚಿಯಲ್ಲಿ ಎರಡು ಸಲ ಕೂತು ಬಂದಿದ್ದೇನೆ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಗುಣ ಕಂಡವರಲ್ಲಿ ಹೆಚ್ಚಿನವರಿಗೆ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಹತ್ತಿರ ಹತ್ತಿರ ಅರ್ಧದಷ್ಟು ಜನ ಒಂದು ವರ್ಷ ದಾಟುತ್ತಾರೆ. ಹಲವು ಅಧ್ಯಯನಗಳನ್ನು ಸೇರಿಸಿ 2019ರಲ್ಲಿ ಹಾಕಿದ ಒಂದು ಲೆಕ್ಕ ಹೀಗಿದೆ: ಗುಣ ಕಂಡವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 66 ಜನ, ಆರು ತಿಂಗಳಿಗೆ 53, ವರ್ಷಕ್ಕೆ 46 ಜನ ಚೆನ್ನಾಗಿಯೇ ಇದ್ದರು. ಕಮ್ಮಿ ಅನಿಸುತ್ತದೆ, ಅಲ್ವಾ? ಆದರೆ ಟಿಎಂಎಸ್‌ಗೆ ಬರುವವರು ಸಾಮಾನ್ಯವಾಗಿ ಮಾತ್ರೆಗಳಿಂದ ಗುಣ ಕಾಣದೆ ಸೋತು ಬಂದವರು. ಅಂಥವರಲ್ಲಿ ಇಷ್ಟು ಜನ ವರ್ಷ ಕಳೆದರೂ ನಿಂತಿದ್ದಾರೆ ಅನ್ನೋದು ನನಗೆ ದೊಡ್ಡ ವಿಷಯ.

ನನ್ನದು ಒಟ್ಟು 36 ಸಿಟ್ಟಿಂಗ್. ವಾರಕ್ಕೆ ಐದರಂತೆ ಆರು ವಾರ, ಆಮೇಲೆ ಮೂರು ವಾರ ಕಮ್ಮಿ ಮಾಡುತ್ತಾ ಬಂದರು. ಮೊದಲ ದಿನ ಎಷ್ಟು ಜೋರು ಕೊಡಬೇಕು ಅಂತ ನೋಡಲು ಕಾಯಿಲನ್ನು ತಲೆಗೆ ಒತ್ತಿದಾಗ ನನ್ನ ಬಲಗೈ ಹೆಬ್ಬೆರಳು ತಾನಾಗೇ ಎಗರಿತು. ನಾನು ಆಡಿಸಿರಲಿಲ್ಲ. ಆಮೇಲೆ ಕಾಯಿಲನ್ನು ಎಡ ಹಣೆಯ ಮೇಲ್ಭಾಗಕ್ಕೆ ಸರಿಸಿದರು. ನಾಲ್ಕು ಸೆಕೆಂಡ್ ಟಕಟಕ ಬಡಿತ, 26 ಸೆಕೆಂಡ್ ಮೌನ, ಮತ್ತೆ ಬಡಿತ. ಹೀಗೆ ಮೂವತ್ತೇಳೂವರೆ ನಿಮಿಷ. ನಾಲ್ಕನೇ ವಾರದವರೆಗೂ ನನಗೇನೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಏನೋ ಹಾಡು ಗುನುಗುತ್ತಿದ್ದೆನಂತೆ. ಅಕ್ಕ ಅದನ್ನು ಕೇಳಿ ಸುಮ್ನೆ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

ಒಂಬತ್ತು ತಿಂಗಳು ಚೆನ್ನಾಗಿದ್ದೆ. ನಡುವೆ ಒಂದು ತಪ್ಪು ಮಾಡಿದೆ: ಆರಾಮಾಗಿದ್ದೇನಲ್ಲ ಅಂತ ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ಮುಂದೇನು ಮಾಡಬೇಕು, ಯಾವಾಗ ಬಂದು ತೋರಿಸಬೇಕು ಅಂತ ಚಿಕಿತ್ಸೆ ಕೊಟ್ಟ ಕಡೆಯೂ ಯಾರೂ ಕೂರಿಸಿ ಹೇಳಿರಲಿಲ್ಲ. ಅದಕ್ಕೆ ಈಗಲೂ ಬೇಜಾರಿದೆ. ಮೊದಲ ಸೂಚನೆ ಅಳುವಿನಲ್ಲಿ ಬರಲಿಲ್ಲ. ಅಕ್ಕ ಕಳಿಸಿದ ವಾಯ್ಸ್ ಮೆಸೇಜ್‌ಗಳನ್ನು ಕೇಳದೆ ಬಿಡತೊಡಗಿದೆ. ಏಳು ಸೇರಿದ್ದವು. ಮಾಡಿಸಿದ್ದೆಲ್ಲ ನೀರಿನಲ್ಲಿ ಹೋಮ ಆಯ್ತು ಅಂತ ನಾಚಿಕೆಪಟ್ಟು ಆರು ವಾರ ಯಾರಿಗೂ ಹೇಳಲಿಲ್ಲ.

ಆಗ ನನಗೆ ಗೊತ್ತಿರದ ಸಂಗತಿ ಇದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗುಣವಾದ 99 ಜನರನ್ನು ಆರು ತಿಂಗಳು ಗಮನಿಸಿದರು. ಆ ಸಮಯದಲ್ಲಿ ಎಲ್ಲರಿಗೂ ಮಾತ್ರೆ ಕೊಡುತ್ತಿದ್ದರು. 38 ಜನರಿಗೆ ನಡುವೆ ಮತ್ತೆ ಕುಸಿಯುವ ಲಕ್ಷಣ ಕಾಣಿಸಿತು. ಅವರಿಗೆ ಮತ್ತೆ ಟಿಎಂಎಸ್ ಕೊಟ್ಟಾಗ 32 ಜನರಿಗೆ ಮತ್ತೆ ಗುಣ ಕಂಡಿತು. ನಿಮ್ಮ ತಂಗಿಯ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಈ ಲೆಕ್ಕವನ್ನೇ. ಒಮ್ಮೆ ಕೆಲಸ ಮಾಡಿದ್ದು ಇನ್ನೊಮ್ಮೆಯೂ ಮಾಡುವ ಸಾಧ್ಯತೆ ಜಾಸ್ತಿ, ಬೇಗ ಹೋದಷ್ಟೂ ಒಳ್ಳೆಯದು. ನನಗೆ ಎರಡನೇ ಸಲ ಕಮ್ಮಿ ಸಿಟ್ಟಿಂಗ್ ಸಾಕಾಯಿತು.

ಜನ ಶಾಕ್ ಟ್ರೀಟ್‌ಮೆಂಟ್ ಅನ್ನುವ ಇಸಿಟಿಯದೂ ಇದೇ ಕಥೆ. 2001ರ ಒಂದು ಅಧ್ಯಯನದಲ್ಲಿ ಇಸಿಟಿಯಿಂದ ಗುಣವಾದ ಮೇಲೆ ಬರೀ ಸಕ್ಕರೆ ಗುಳಿಗೆಯಂಥದ್ದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 84 ಜನರಿಗೆ ಆರು ತಿಂಗಳೊಳಗೆ ಕಾಯಿಲೆ ಮರಳಿತು. ನಾರ್ಟ್ರಿಪ್ಟಿಲಿನ್ ಮತ್ತು ಲಿಥಿಯಂ ಅನ್ನೋ ಎರಡು ಔಷಧಿಗಳನ್ನೂ ತೆಗೆದುಕೊಂಡವರಲ್ಲಿ ಅದು 39ಕ್ಕೆ ಇಳಿದಿತ್ತು. ಹಾಗಾಗಿ ತಂಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾನಾಗಿ ನಿಲ್ಲಿಸದಂತೆ ನೋಡಿಕೊಳ್ಳಿ. ಮೊದಲ ಆರು ತಿಂಗಳು ಡಾಕ್ಟರ್ ಭೇಟಿ ತಪ್ಪಿಸಬೇಡಿ. ಮತ್ತೆ ಟಿಎಂಎಸ್ ಬೇಕಾದರೆ ಹೇಗೆ, ಯಾವಾಗ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆದರೆ ಅವಳ ಪ್ರತಿ ನಗುವನ್ನೂ ತೂಗಿ ನೋಡಬೇಡಿ, ಅವಳಿಗೆ ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತಿತ್ತು. ಚೆನ್ನಾಗಿರುವಾಗಲೇ ಇಬ್ಬರೂ ಕೂತು, ಮೊದಲು ಏನು ತಪ್ಪುತ್ತದೆ ಅಂತ ಅವಳ ಬಾಯಿಂದಲೇ ಕೇಳಿ. ಸ್ನಾನವೋ, ಊಟವೋ, ಫೋನೋ. ನಾನೂ ಅಕ್ಕನೂ ಹಾಗೆ ಮಾಡಿಕೊಂಡಿದ್ದೇವೆ. ಎರಡು ದಿನ ಅವಳ ಮೆಸೇಜ್ ಕೇಳದೆ ಬಿಟ್ಟರೆ ಅವಳು ಫೋನ್ ಮಾಡಿ ಒಂದೇ ಮಾತು ಕೇಳುತ್ತಾಳೆ: "ಡಾಕ್ಟರಿಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಎರಡನೇ ಸಲದ ಚಿಕಿತ್ಸೆ ಮುಗಿದು ಒಂದು ವರ್ಷ ಐದು ತಿಂಗಳಾಯಿತು. ಆ ಫೋನ್ ಒಂದೇ ಸಲ ಬಂದಿದೆ. ಆವತ್ತು ನಾನೇ ಹೇಳಿದೆ.