ಹೆಚ್ಚು ಪಾಯಿಂಟ್ ಗಳಿಸಿದ ಆಟಗಾರನ ಮುಂದೆ ಮೈನಸ್ ಗುರುತು ಏಕೆ?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಪಂದ್ಯವೊಂದರ ಅಂಕಿ ಅಂಶಗಳ ಪಟ್ಟಿಯಲ್ಲಿ, ತಂಡದಲ್ಲೆಲ್ಲ ಹೆಚ್ಚು ಪಾಯಿಂಟ್ ಗಳಿಸಿದವನ ಸಾಲಿನ ಕೊನೆಗೆ ಮೈನಸ್ ಗುರುತು ಇದ್ದದ್ದು ತಪ್ಪಲ್ಲವೇ ಎಂಬುದು ಒಂದು; ನಿಮ್ಮ ಕಾಲೇಜು ತಂಡಕ್ಕೂ ಅಂಥ ಪಟ್ಟಿ ಬರೆಯಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಇನ್ನೊಂದು. ನಾನು ದಾವಣಗೆರೆಯವನು. ಇಲ್ಲಿನ ಕಾಲೇಜು ಮತ್ತು ಕ್ಲಬ್ ಪಂದ್ಯಗಳಲ್ಲಿ ಹಲವು ವರ್ಷಗಳಿಂದ ಸ್ಕೋರರ್ ಮೇಜಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಆ ಅನುಭವದಿಂದ ಉತ್ತರಿಸುತ್ತೇನೆ.

ಮೈನಸ್ ತಪ್ಪಲ್ಲ. ಆದರೆ ಅದು ಆ ಆಟಗಾರ ಮಾಡಿದ ಕೆಲಸದ ಲೆಕ್ಕವೂ ಅಲ್ಲ. ಅವನು ಅಂಕಣದಲ್ಲಿದ್ದ ನಿಮಿಷಗಳಲ್ಲಿ ಅವನ ತಂಡ ಗಳಿಸಿದ ಪಾಯಿಂಟ್‌ಗಳಿಂದ ಎದುರಾಳಿ ಗಳಿಸಿದ್ದನ್ನು ಕಳೆದರೆ ಉಳಿಯುವ ಸಂಖ್ಯೆ ಅದು, ಅಷ್ಟೇ. ಅಂಕಣದಲ್ಲಿ ಯಾವಾಗಲೂ ಐವರು ಇರುವುದರಿಂದ, ಒಂದು ತಂಡದ ಎಲ್ಲ ಆಟಗಾರರ ಈ ಸಂಖ್ಯೆಗಳನ್ನು ಕೂಡಿದರೆ ಗೆಲುವಿನ ಅಂತರದ ಐದರಷ್ಟು ಬರುತ್ತದೆ: ತಂಡ 8 ಪಾಯಿಂಟ್‌ಗಳಿಂದ ಗೆದ್ದಿದ್ದರೆ ಮೊತ್ತ 40. ಎದುರಾಳಿಯ ಉತ್ತಮ ಆಟಗಾರರು ವಿಶ್ರಾಂತಿಗೆ ಕುಳಿತಾಗ ಬೆಂಚಿನಿಂದ ಎದ್ದು ಬಂದವನಿಗೆ ಸುಲಭವಾಗಿ ಪ್ಲಸ್ ದೊರೆಯಬಹುದು. ಆ ಉತ್ತಮರ ಎದುರಿಗೇ ಇಡೀ ಹೊತ್ತು ನಿಂತವನಿಗೆ ಮೈನಸ್ ಬರಬಹುದು. ಹಲವು ತಿಂಗಳ ಪಂದ್ಯಗಳನ್ನು ಒಟ್ಟುಗೂಡಿಸಿದಾಗ ಅದು ಏನನ್ನಾದರೂ ಹೇಳೀತು. ಒಂದೇ ಪಂದ್ಯದ ಪಟ್ಟಿಯಲ್ಲಿ ನಾನು ಅದನ್ನು ಕೊನೆಗೆ ನೋಡುತ್ತೇನೆ.

ಮೊದಲು ನೋಡುವುದು ಪಾಯಿಂಟ್‌ಗಳನ್ನೂ ಅಲ್ಲ, ಎಸೆತಗಳನ್ನು. ನಮ್ಮ ಭಾಗದಲ್ಲಿ ಮೆಕ್ಕೆಜೋಳ ಬೆಳೆದವರು ಇಷ್ಟು ಕ್ವಿಂಟಾಲ್ ಬಂತು ಎಂದರೆ, ಎಷ್ಟು ಎಕರೆಗೆ ಎಂದು ಕೇಳದೆ ಯಾರೂ ಸುಮ್ಮನಿರುವುದಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಆ ಎಕರೆಯ ಸ್ಥಾನದಲ್ಲಿರುವುದು ತಂಡದ ಕೈಗೆ ಚೆಂಡು ಬರುವ ಸರದಿ. ಒಬ್ಬ ಆಟಗಾರ ಎಷ್ಟು ಸರದಿಗಳನ್ನು ತನ್ನ ಎಸೆತಕ್ಕೆ ಬಳಸಿದ ಎಂಬುದಕ್ಕೆ ರೂಢಿಯ ಲೆಕ್ಕವೆಂದರೆ, ಅವನ ಒಟ್ಟು ಎಸೆತಗಳಿಗೆ ಫ್ರೀ ಥ್ರೋಗಳ (ಎದುರಾಳಿ ಫೌಲ್ ಮಾಡಿದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಅವಕಾಶಗಳ) ಸಂಖ್ಯೆಯ 0.44 ಭಾಗವನ್ನು ಕೂಡಿಸುವುದು. ಫ್ರೀ ಥ್ರೋಗಳು ಸಾಮಾನ್ಯವಾಗಿ ಎರಡೆರಡಾಗಿ ದೊರೆಯುವುದರಿಂದ ಅರ್ಧ ಭಾಗ ಸಾಕೆನಿಸುತ್ತದೆ. ಆದರೆ ಬಾಸ್ಕೆಟ್ ಬಿದ್ದ ಮೇಲೆ ಫೌಲ್‌ಗಾಗಿ ಹೆಚ್ಚುವರಿಯಾಗಿ ಸಿಗುವ ಒಂದು ಎಸೆತವೂ ಟೆಕ್ನಿಕಲ್ ಫೌಲ್‌ನ ಎಸೆತವೂ ಹೊಸ ಸರದಿಯನ್ನು ಬಳಸುವುದಿಲ್ಲವಾದ್ದರಿಂದ ಅರ್ಧಕ್ಕಿಂತ ತುಸು ಕಡಿಮೆ ಇಟ್ಟಿದ್ದಾರೆ.

ಇದನ್ನು ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕೋಬಿ ಬ್ರಯಂಟ್ ಅವರ ಎರಡು ಪಂದ್ಯಗಳಿಗೆ ಹಚ್ಚಿ ನೋಡಿ. 2006ರ ಜನವರಿ 22ರಂದು ಟೊರೊಂಟೊ ತಂಡದ ವಿರುದ್ಧ ಅವರು 81 ಪಾಯಿಂಟ್ ಗಳಿಸಿದರು. ಎಸೆತ 46, ಫ್ರೀ ಥ್ರೋ 20. 2016ರ ಏಪ್ರಿಲ್ 13ರಂದು, ತಮ್ಮ ಕೊನೆಯ ಪಂದ್ಯದಲ್ಲಿ, ಯೂಟಾ ವಿರುದ್ಧ 60 ಗಳಿಸಿದರು. ಎಸೆತ 50, ಫ್ರೀ ಥ್ರೋ 12. ಸರದಿಗಳ ಲೆಕ್ಕ ಹಾಕಿದರೆ ಮೊದಲನೆಯದು 54.8, ಎರಡನೆಯದು 55.3. ಅಂದರೆ ಎರಡೂ ರಾತ್ರಿ ಅವರು ಉತ್ತ ನೆಲ ಹೆಚ್ಚು ಕಡಿಮೆ ಒಂದೇ. ಇಳುವರಿ ಮಾತ್ರ ಒಂದರಲ್ಲಿ ಸರದಿಗೆ 1.48, ಇನ್ನೊಂದರಲ್ಲಿ 1.09. ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ನ್ಯೂಯಾರ್ಕ್ ವಿರುದ್ಧ ಗಳಿಸಿದ 100 ಪಾಯಿಂಟ್‌ಗಳಿಗೆ 63 ಎಸೆತ ಮತ್ತು 32 ಫ್ರೀ ಥ್ರೋಗಳಾಗಿದ್ದವು. ಅದರ ಇಳುವರಿ 1.30. ಆಗ ತ್ರೀ ಪಾಯಿಂಟ್ ಗೆರೆಯೇ (ಅದರಾಚೆಯಿಂದ ಬಿದ್ದ ಎಸೆತಕ್ಕೆ ಎರಡರ ಬದಲು ಮೂರು ಪಾಯಿಂಟ್) ಇರಲಿಲ್ಲ, ಎನ್‌ಬಿಎಗೆ ಅದು ಬಂದದ್ದು 1979ರಲ್ಲಿ ಎಂದು ನೀವು ಆಕ್ಷೇಪಿಸಬಹುದು, ಅದು ನ್ಯಾಯವೂ ಹೌದು. ಹಾಗೆಂದು ಕೋಬಿ ಅವರ ಏಳು ತ್ರೀ ಪಾಯಿಂಟ್‌ಗಳಿಂದ ಬಂದ ಏಳು ಹೆಚ್ಚುವರಿ ಪಾಯಿಂಟ್‌ಗಳನ್ನು ಕಳೆದರೂ 1.35 ಉಳಿಯುತ್ತದೆ. ನೂರು ಇದರಿಂದ ಚಿಕ್ಕದಾಗುವುದಿಲ್ಲ. 48 ನಿಮಿಷವೂ ಅಂಕಣದಲ್ಲಿದ್ದು ಅಷ್ಟೊಂದು ಎಸೆತಗಳ ಭಾರ ಹೊತ್ತ ಶಕ್ತಿಯೇ ಬೇರೆ. ಆದರೆ ಒಂದು ಪಂದ್ಯದ ಅತ್ಯುತ್ತಮ ಎಸೆತಗಾರಿಕೆ ಯಾವುದೆಂದು ನನ್ನನ್ನು ಕೇಳಿದರೆ ಈ ಮೂರರಲ್ಲಿ 81 ಎಂದೇ ಹೇಳುತ್ತೇನೆ.

ತಂಡಕ್ಕೂ ಇದೇ ಲೆಕ್ಕ ಸಲ್ಲುತ್ತದೆ. 2018ರ ಎನ್‌ಬಿಎ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ (ಅಂತಿಮ ಸರಣಿಗೆ ಮುಂಚಿನ ಸುತ್ತು) ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ ತಂಡ 44 ತ್ರೀ ಪಾಯಿಂಟ್ ಎಸೆತಗಳಲ್ಲಿ 7ನ್ನು ಮಾತ್ರ ಬೀಳಿಸಿತು. ನಡುವೆ ಸತತ 27 ತಪ್ಪಿದವು. ಗೋಲ್ಡನ್ ಸ್ಟೇಟ್ 39ರಲ್ಲಿ 16 ಬೀಳಿಸಿತು. ಈ ಒಂದು ಕಾಲಂನಲ್ಲೇ 27 ಪಾಯಿಂಟ್‌ಗಳ ವ್ಯತ್ಯಾಸವಾಯಿತು, ಪಂದ್ಯ ಸೋತದ್ದು 9ರಿಂದ. ಅಂದರೆ ಉಳಿದ ಕಾಲಂಗಳಲ್ಲಿ ಹ್ಯೂಸ್ಟನ್ ಮುಂದೆಯೇ ಇತ್ತು. ಸೋತ ತಂಡವನ್ನು ಸಾರಾಸಗಟಾಗಿ ಹಳಿಯುವ ಮೊದಲು ಇದನ್ನು ಗಮನಿಸಬೇಕು.

ಎಸೆತದ ನಂತರ ಟರ್ನೋವರ್ (ಎಸೆಯದೆಯೇ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು) ಮತ್ತು ಆಫೆನ್ಸಿವ್ ರಿಬೌಂಡ್ (ತನ್ನ ತಂಡದ ತಪ್ಪಿದ ಎಸೆತದ ಚೆಂಡನ್ನು ಮತ್ತೆ ಹಿಡಿಯುವುದು) ನೋಡಿ: ಒಂದು ಕೈಯಲ್ಲಿದ್ದ ಸರದಿಯನ್ನು ಕಳೆಯುತ್ತದೆ, ಇನ್ನೊಂದು ಕಳೆದುಹೋಗಬೇಕಿದ್ದ ಸರದಿಯನ್ನು ಉಳಿಸುತ್ತದೆ. ಅಸಿಸ್ಟ್, ಅಂದರೆ ಜೊತೆಗಾರನ ಬಾಸ್ಕೆಟ್‌ಗೆ ದಾರಿ ಮಾಡಿಕೊಟ್ಟ ಪಾಸ್, ಬರೆಯುವವನ ವಿವೇಚನೆಗೆ ಬಿಟ್ಟದ್ದು. ಅದಕ್ಕೆ ತೀರಾ ಹೆಚ್ಚಿನ ಬೆಲೆ ಕೊಡಬೇಡಿ.

ಪಟ್ಟಿಯ ಮಿತಿಯನ್ನೂ ಹೇಳಬೇಕು. 2016ರ ಎನ್‌ಬಿಎ ಫೈನಲ್‌ನ ಏಳನೆಯ ಪಂದ್ಯದ ಬಾಕ್ಸ್ ಸ್ಕೋರ್ (ಈ ಅಂಕಿ ಅಂಶಗಳ ಪಟ್ಟಿ) ತೆರೆದರೆ ಕಣ್ಣಿಗೆ ಬೀಳುವ ಸಾಲು ಸೋತ ಗೋಲ್ಡನ್ ಸ್ಟೇಟ್ ತಂಡದ ಡ್ರೇಮಂಡ್ ಗ್ರೀನ್ ಅವರದು: 15 ಎಸೆತಗಳಲ್ಲಿ 11 ಯಶಸ್ವಿ, 32 ಪಾಯಿಂಟ್, 15 ರಿಬೌಂಡ್, 9 ಅಸಿಸ್ಟ್. ಅವರ ಜೊತೆಗಾರರಾದ ಸ್ಟೀಫನ್ ಕರಿ 19ರಲ್ಲಿ 6, ಕ್ಲೇ ಥಾಂಪ್ಸನ್ 17ರಲ್ಲಿ 6 ಬೀಳಿಸಿದ್ದರು. ಗೋಲ್ಡನ್ ಸ್ಟೇಟ್ 89–93ರಿಂದ ಏಕೆ ಸೋತಿತು ಎಂಬುದರ ಬಹುಪಾಲು ಉತ್ತರ ಅಲ್ಲಿದೆ. ಆದರೆ ಎಲ್ಲ ಉತ್ತರವೂ ಅಲ್ಲಿಲ್ಲ. ಸ್ಕೋರ್ 89–89 ಇದ್ದಾಗ, ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿರುವಾಗ, ಗೆದ್ದ ಕ್ಲೀವ್‌ಲ್ಯಾಂಡ್ ತಂಡದ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು ಗೋಲ್ಡನ್ ಸ್ಟೇಟ್‌ನ ಆಂಡ್ರೆ ಇಗ್ವೊಡಾಲ ಅವರ ಎಸೆತವನ್ನು ಬೋರ್ಡಿಗೆ ಬಡಿದು ತಡೆದದ್ದು ಪಟ್ಟಿಯಲ್ಲಿ ಬ್ಲಾಕ್ ಕಾಲಂನ 3ರೊಳಗೆ ಒಂದಾಗಿ ಸೇರಿಹೋಗಿದೆ. ಪಟ್ಟಿ ಎಷ್ಟು ಎಂಬುದನ್ನು ಹೇಳುತ್ತದೆ, ಯಾವಾಗ ಎಂಬುದನ್ನು ಹೇಳುವುದಿಲ್ಲ. ಇನ್ನು ಬರೆಯದೇ ಹೋದದ್ದರ ನಷ್ಟವಂತೂ ತುಂಬಲಾರದ್ದು. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು (ಎದುರಾಳಿಯಿಂದ ಚೆಂಡು ಕಸಿದದ್ದು) ಅಧಿಕೃತವಾಗಿ ಬರೆಯತೊಡಗಿದ್ದು 1973–74ರಲ್ಲಿ. ರಕ್ಷಣೆಯ ಆಟಕ್ಕೇ ಹೆಸರಾಗಿ 11 ಎನ್‌ಬಿಎ ಚಾಂಪಿಯನ್ ಪಟ್ಟಗಳನ್ನು ಗೆದ್ದು 1969ರಲ್ಲಿ ನಿವೃತ್ತರಾದ ಬಿಲ್ ರಸೆಲ್ ಅವರ ಹೆಸರಿನ ಮುಂದೆ ಅಧಿಕೃತವಾಗಿ ಒಂದು ಬ್ಲಾಕ್ ಕೂಡ ಇಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಳಸುವ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಮಾದರಿಯ ಸ್ಕೋರ್‌ಶೀಟ್‌ನಲ್ಲಿ ಬಿದ್ದ ಬಾಸ್ಕೆಟ್‌ಗೆ ಓರೆ ಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕೆ, ತ್ರೀ ಪಾಯಿಂಟ್‌ಗೆ ಆಟಗಾರನ ಸಂಖ್ಯೆಯ ಸುತ್ತ ವೃತ್ತ ಹಾಕುತ್ತೇವೆ. ಫೌಲ್‌ಗಳಿಗೂ ಟೈಮ್ ಔಟ್‌ಗಳಿಗೂ ಜಾಗವಿದೆ. ತಪ್ಪಿದ ಎಸೆತಕ್ಕಾಗಲಿ ರಿಬೌಂಡ್‌ಗಾಗಲಿ ಜಾಗವಿಲ್ಲ. ಒಮ್ಮೆ ಅಂತರ ಕಾಲೇಜು ಪಂದ್ಯಾವಳಿಯೊಂದರಲ್ಲಿ ಉತ್ತಮ ಆಟಗಾರ್ತಿಯ ಹೆಸರನ್ನು ಮೇಜಿನವರನ್ನು ಕೇಳಿದಾಗ, ಹಾಳೆ ನೋಡಿ ಹೆಚ್ಚು ಪಾಯಿಂಟ್ ಇದ್ದವಳ ಹೆಸರನ್ನು ನಾನೇ ಹೇಳಿದೆ. ಆ ತಂಡ ಗೆದ್ದದ್ದು ಬೇರೊಬ್ಬ ಹುಡುಗಿ ರಿಂಗ್ ಕೆಳಗೆ ಮತ್ತೆ ಮತ್ತೆ ಚೆಂಡು ಹಿಡಿದು ಕೊಟ್ಟದ್ದರಿಂದ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಳೆಗೆ ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ನಾವು ಪ್ರತ್ಯೇಕವಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ.

ನಿಮ್ಮ ತಂಡಕ್ಕೂ ಅಷ್ಟೇ ಸಾಕು. ಅಧಿಕೃತ ಹಾಳೆಯನ್ನು ಬರೆಯುವವರು ಬರೆಯಲಿ. ನೀವು ತಂಡಕ್ಕೊಬ್ಬರಂತೆ ಇಬ್ಬರನ್ನು ಕೂರಿಸಿ, ಪ್ರತಿ ಆಟಗಾರರ ಹೆಸರಿನ ಮುಂದೆ ತಪ್ಪಿದ ಎಸೆತ, ಆಫೆನ್ಸಿವ್ ರಿಬೌಂಡ್, ಟರ್ನೋವರ್, ಫ್ರೀ ಥ್ರೋ ಈ ನಾಲ್ಕನ್ನು ಮಾತ್ರ ಗೆರೆ ಎಳೆದು ಎಣಿಸಲು ಹೇಳಿ. ಪಂದ್ಯ ಮುಗಿದ ಮೇಲೆ ತಂಡದ ಒಟ್ಟು ಎಸೆತಗಳಿಂದ (ಅಧಿಕೃತ ಹಾಳೆಯಲ್ಲಿ ಬಿದ್ದವು, ನಿಮ್ಮ ಎಣಿಕೆಯಲ್ಲಿ ತಪ್ಪಿದವು) ಆಫೆನ್ಸಿವ್ ರಿಬೌಂಡ್‌ಗಳನ್ನು ಕಳೆದು, ಟರ್ನೋವರ್‌ಗಳನ್ನೂ ಫ್ರೀ ಥ್ರೋಗಳ 0.44 ಭಾಗವನ್ನೂ ಕೂಡಿಸಿದರೆ ಸರದಿಗಳ ಅಂದಾಜು ಬರುತ್ತದೆ. ಎರಡು ತಂಡಗಳ ಸರದಿಗಳು ಹತ್ತಿರ ಹತ್ತಿರ ಇರಬೇಕು. ನಾಲ್ಕೈದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಣಿಕೆಯಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿದು ಇಬ್ಬರ ಹಾಳೆಗಳನ್ನೂ ಮತ್ತೊಮ್ಮೆ ತಾಳೆ ನೋಡಿ.