ಮಾರ್ಚ್ ಮೀಟಿಂಗ್‌ಗೆ ಜನವರಿಯಲ್ಲೇ ತಯಾರಿ: ಬ್ರಿಟನ್ನಿನ ಐಟಿ ಸಪೋರ್ಟ್ ಕೆಲಸದಲ್ಲಿ ಸಂಬಳ ಹೆಚ್ಚಿಸಿ ಎಂದು ಕೇಳುವ ಬಗೆ

ನೀವು ಕೇಳಿದ್ದು ಇಷ್ಟು: ಬ್ರಿಟನ್ನಿಗೆ ಬಂದು ಒಂದೂವರೆ ವರ್ಷ, ಸ್ಕಿಲ್ಡ್ ವರ್ಕರ್ ವೀಸಾ, ಸೆಕೆಂಡ್ ಲೈನ್ ಸಪೋರ್ಟ್ (ಮೊದಲ ಹಂತದವರಿಂದ ಬಗೆಹರಿಯದ ದೂರುಗಳನ್ನು ನೋಡುವ) ಕೆಲಸ, ಸಂಬಳ ವರ್ಷಕ್ಕೆ 42,000 ಪೌಂಡ್. ಮಾರ್ಚ್‌ನಲ್ಲಿ ಆನ್ಯುಯಲ್ ರಿವ್ಯೂ. ಹೈಕ್ ಕೇಳಬೇಕು, ಆದರೆ ಬಾಯಿ ಬರುತ್ತಿಲ್ಲ. ಕೇಳಿದರೆ ವೀಸಾಕ್ಕೆ ಕುತ್ತು ಬಂದೀತೇ ಎಂಬ ಅಂಜಿಕೆ ಬೇರೆ.

ಅಂಜಿಕೆಯ ಮಾತನ್ನು ಮೊದಲು ಮುಗಿಸೋಣ. ಸಂಬಳ ಹೆಚ್ಚು ಮಾಡಿ ಎಂದು ಕೇಳಿದ್ದಕ್ಕೆ ವೀಸಾ ಹೋಗುವುದಿಲ್ಲ. ಅದೇ ಕೆಲಸದಲ್ಲಿ ಸಂಬಳ ಏರಿದರೆ ಹೊಸ ಅರ್ಜಿಯೂ ಬೇಡ. ಹುಷಾರಾಗಿರಬೇಕಾದದ್ದು ಬಡ್ತಿಯ ವಿಷಯದಲ್ಲಿ. ವೀಸಾಕ್ಕಾಗಿ ಕಂಪನಿ ಕೊಟ್ಟ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ತೆಗೆದು ನೋಡಿ, ಅದರಲ್ಲಿ ನಿಮ್ಮ ಬಗೆಯ ಕೆಲಸವನ್ನು ಗುರುತಿಸುವ ನಾಲ್ಕಂಕಿಯ ಆಕ್ಯುಪೇಶನ್ ಕೋಡ್ ಇದೆ. ಯೂಸರ್ ಸಪೋರ್ಟ್ ಟೆಕ್ನಿಶಿಯನ್ ಕೋಡ್ 3132, ನೆಟ್‌ವರ್ಕ್ ಪ್ರೊಫೆಷನಲ್ ಕೋಡ್ 2137. ಬಡ್ತಿಯಿಂದ ಕೋಡ್ ಬದಲಾಗುವುದಾದರೆ ಕಂಪನಿ ಹೊಸ ಸರ್ಟಿಫಿಕೇಟ್ ಕೊಡಬೇಕು, ನೀವು ಹೊಸದಾಗಿ ವೀಸಾ ಅರ್ಜಿ ಹಾಕಬೇಕು, ಒಪ್ಪಿಗೆ ಬಂದ ಮೇಲೆಯೇ ಹೊಸ ಕುರ್ಚಿಯಲ್ಲಿ ಕೂರಬೇಕು. ಖುಷಿಯಲ್ಲಿ ಇದನ್ನು ಎಚ್‌ಆರ್‌ನವರೂ ಮರೆಯುತ್ತಾರೆ, ನೀವು ನೆನಪಿಸಿ.

ಇನ್ನೊಂದು ಮಾತು. ಇಲ್ಲಿಯ ಮ್ಯಾನೇಜರ್ ಮುಂದೆ 'ಹೈಕ್' ಅನ್ನಬೇಡಿ. ಅವರ ಪಾಲಿಗೆ ಅದು ಶನಿವಾರ ಬೂಟು ಹಾಕಿಕೊಂಡು ಗುಡ್ಡ ಹತ್ತುವ ಕೆಲಸ. ಇಲ್ಲಿ ಪೇ ರೈಸ್, ಪೇ ರಿವ್ಯೂ ಅನ್ನುತ್ತಾರೆ. ಎಷ್ಟೋ ಕಂಪನಿಗಳಲ್ಲಿ ಅಪ್ರೈಸಲ್ ಬೇರೆ, ಪೇ ರಿವ್ಯೂ ಬೇರೆ. ಒಂದರಲ್ಲಿ ಕೆಲಸದ ಮಾತು, ಇನ್ನೊಂದರಲ್ಲಿ ದುಡ್ಡಿನ ಮಾತು. ನಿಮ್ಮಲ್ಲಿ ಯಾವ ಪದ್ಧತಿ ಎಂದು ವಿಚಾರಿಸಿಕೊಳ್ಳಿ.

ಏಪ್ರಿಲ್ ಸಂಬಳ ಬದಲಾಗಬೇಕಾದರೆ ಅಂಕಿಗಳು ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲೇ ಫೈನಾನ್ಸ್‌ಗೆ ಹೋಗಿರುತ್ತವೆ. ಮಾರ್ಚ್‌ನಲ್ಲಿ ಮ್ಯಾನೇಜರ್ ಕೈಯಲ್ಲಿ ಇರುವುದು ಆಗಲೇ ಸಹಿ ಬಿದ್ದ ಹಾಳೆ. ಆವತ್ತು ಮೊದಲ ಸಲ ಬಾಯಿ ಬಿಟ್ಟರೆ ಅವರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಹಾಗಾಗಿ ಹತ್ತು ವಾರ ಮುಂಚೆ, ಮಾಮೂಲಿ ಒನ್-ಟು-ಒನ್‌ನಲ್ಲಿ, "ಈ ಸಲದ ಪೇ ರಿವ್ಯೂ ಅಂಕಿಗಳನ್ನು ನೀವು ಯಾವ ದಿನಾಂಕದೊಳಗೆ ಕಳಿಸಬೇಕು?" ಎಂದು ಕೇಳಿಬಿಡಿ. ಅಷ್ಟೇ ಸಾಕು. ನೀವು ಕೇಳುವವರಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ, ನಿಮಗೆ ನಿಜವಾದ ಗಡುವು ಸಿಗುತ್ತದೆ.

ಈಗ ಬಹಳ ಜನಕ್ಕೆ ಹೊಳೆಯದ ಲೆಕ್ಕ. ಮ್ಯಾನೇಜರ್‌ಗೆ ಮೇಲಿನಿಂದ ಬರುವುದು ಇಡೀ ತಂಡಕ್ಕೆ ಸೇರಿದ ಒಂದು ಗಂಟು. ಇಲ್ಲಿ ಅದನ್ನು 'ಪಾಟ್' ಅನ್ನುತ್ತಾರೆ. ತಂಡದಲ್ಲಿ ಐದು ಜನ, ತಲಾ 40,000 ಸಂಬಳ, ಗಂಟು ಶೇ 3 ಎಂದುಕೊಳ್ಳಿ. ಒಟ್ಟು 6,000 ಪೌಂಡ್. ನೀವು 3,000 ಕೇಳಿದರೆ ಉಳಿದ ನಾಲ್ವರಿಗೆ ಸೇರಿ ಇನ್ನು 3,000. ನಿಮ್ಮ ಕೆಲಸ ಎಷ್ಟೇ ಚೆನ್ನಾಗಿದ್ದರೂ ನಾಲ್ವರ ಮುಖ ಕೆಡಿಸಿಕೊಳ್ಳಲು ಯಾವ ಮ್ಯಾನೇಜರೂ ತಯಾರಿರುವುದಿಲ್ಲ. "ಬೆಲೆ ಏರಿದೆ, ಬಾಡಿಗೆ ಏರಿದೆ" ಎಂಬ ವಾದವೂ ಇದೇ ಗಂಟಿಗೆ ಹೋಗಿ ಬೀಳುತ್ತದೆ, ಏಕೆಂದರೆ ಬೆಲೆ ಏರಿರುವುದು ಐವರಿಗೂ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1 ಮುಟ್ಟಿದಾಗಲೂ ಅದು ಎಲ್ಲರ ವಾದವಾಗಿತ್ತು, ಯಾರೊಬ್ಬರದೂ ಆಗಿರಲಿಲ್ಲ.

ನೀವು ಕೇಳಬೇಕಾದದ್ದು ಗಂಟಿನ ಹೊರಗಿನ ದುಡ್ಡು. ಅದು ಬರುವ ದಾರಿ ರೀಗ್ರೇಡಿಂಗ್: ಕಾಗದದ ಮೇಲಿರುವ ಹುದ್ದೆಗಿಂತ ಮಾಡುತ್ತಿರುವ ಕೆಲಸ ಒಂದು ಮೆಟ್ಟಿಲು ಮೇಲಿದೆ ಎಂದು ತೋರಿಸುವುದು. ಸೇರುವಾಗ ಕೊಟ್ಟ ಜಾಬ್ ಡಿಸ್ಕ್ರಿಪ್ಷನ್ ಹುಡುಕಿ ತೆಗೆಯಿರಿ. ಎಡಗಡೆ ಅದರಲ್ಲಿ ಬರೆದ ಕೆಲಸ, ಬಲಗಡೆ ಕಳೆದ ಹನ್ನೆರಡು ತಿಂಗಳಲ್ಲಿ ನಿಜಕ್ಕೂ ಮಾಡಿದ್ದು. ಎಡಗಡೆ "ಥರ್ಡ್ ಲೈನ್‌ಗೆ ಎಸ್ಕಲೇಟ್ ಮಾಡುವುದು" (ಇನ್ನೂ ಕಷ್ಟದ್ದನ್ನು ನೋಡುವ ಮೇಲಿನ ತಂಡಕ್ಕೆ ದಾಟಿಸುವುದು) ಎಂದಿದ್ದು, ಬಲಗಡೆ ನೀವೇ ಇಂಟ್ಯೂನ್ (ಕಂಪನಿಯ ಯಂತ್ರಗಳನ್ನು ದೂರದಿಂದ ನಿಭಾಯಿಸುವ ತಂತ್ರಾಂಶ) ಪಾಲಿಸಿ ಬರೆದಿದ್ದರೆ, ಫೈರ್‌ವಾಲ್ ಬದಲಾವಣೆಗೆ ಚೇಂಜ್ ರಿಕ್ವೆಸ್ಟ್ ಎತ್ತಿದ್ದರೆ, ಹೊಸಬರಿಗೆ ಕಲಿಸಿದ್ದರೆ, ನಿಮ್ಮ ಅರ್ಧ ವಾದ ಅಲ್ಲೇ ಸಿದ್ಧ. ಎಚ್‌ಆರ್‌ನಿಂದ ಪೇ ಬ್ಯಾಂಡ್ (ಹುದ್ದೆಗೆ ಇಟ್ಟಿರುವ ಕನಿಷ್ಠ-ಗರಿಷ್ಠ ಸಂಬಳ) ಕೇಳಿ ಪಡೆಯಿರಿ. ನಿಮ್ಮ ಬ್ಯಾಂಡಿನ ತುದಿಯಲ್ಲೇ ನೀವಿದ್ದರೆ ಅದೇ ಬ್ಯಾಂಡಿನಲ್ಲಿ ಇನ್ನಷ್ಟು ಕೇಳುವುದರಲ್ಲಿ ಅರ್ಥವಿಲ್ಲ. ಮೇಲಿನ ಬ್ಯಾಂಡನ್ನೇ ಕೇಳಿ.

ಇನ್ನು ಪುರಾವೆ. ಸಪೋರ್ಟ್ ಕೆಲಸದ ಸಂಕಟ ಏನೆಂದರೆ ಚೆನ್ನಾಗಿ ಮಾಡಿದರೆ ಏನೂ ಕಾಣುವುದಿಲ್ಲ. ಅದಕ್ಕೆ ಜನ ಟಿಕೆಟ್ (ದಾಖಲಾದ ಒಂದೊಂದು ದೂರು) ಎಣಿಕೆ ಹಿಡಿದುಕೊಂಡು ಹೋಗುತ್ತಾರೆ: ವರ್ಷದಲ್ಲಿ 1,400 ಟಿಕೆಟ್ ಮುಚ್ಚಿದೆ ಅಂತ. ಈ ಅಂಕಿಗೆ ಬೆಲೆ ಕಡಿಮೆ. ಸರದಿಯಿಂದ ಪಾಸ್‌ವರ್ಡ್ ರೀಸೆಟ್‌ಗಳನ್ನೇ ಆರಿಸಿಕೊಂಡವನ ಎಣಿಕೆ ಯಾವಾಗಲೂ ಹೆಚ್ಚು, ಎರಡು ದಿನ ಒಂದೇ ವಿಪಿಎನ್ ತೊಂದರೆಗೆ ತಲೆ ಕೊಟ್ಟವನದು ಕಡಿಮೆ. ಮ್ಯಾನೇಜರ್‌ಗೂ ಇದು ಗೊತ್ತು. ಮೇಜರ್ ಇನ್ಸಿಡೆಂಟ್ ದಿನ ನಲವತ್ತು ಟಿಕೆಟ್‌ಗಳು ಒಂದೇ ಪೇರೆಂಟ್ ಟಿಕೆಟ್ ಅಡಿ ಸೇರಿ, ಅದು ಮುಚ್ಚಿದವರ ಹೆಸರಿಗೆ ಹೋಗುತ್ತದೆ. ಬಗೆಹರಿಸಿದವರು ನೀವಾದರೂ ರಿಪೋರ್ಟ್‌ನಲ್ಲಿ ನಿಮ್ಮ ಹೆಸರಿಲ್ಲ. ವರ್ಕ್ ನೋಟ್ಸ್‌ನಲ್ಲಿ ಮಾತ್ರ ಇರುತ್ತದೆ. ಅದಕ್ಕೇ ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು ವಾರದ ಎರಡು ಸಾಲು ಬರೆದಿಡಿ: ಟಿಕೆಟ್ ನಂಬರ್, ಏನಾಗಿತ್ತು, ಏನು ಮಾಡಿದಿರಿ, ಏನು ಉಳಿಯಿತು.

ಒಂದು ಸಾಲು ಹೇಗಿರಬೇಕೆಂದು ನೋಡಿ. ತಿಂಗಳಿಗೆ 40 ಪಾಸ್‌ವರ್ಡ್ ರೀಸೆಟ್ ಬರುತ್ತಿದ್ದವು, ಒಂದೊಂದಕ್ಕೆ 12 ನಿಮಿಷ, ಅಂದರೆ 8 ಗಂಟೆ. ನೀವು ಸೆಲ್ಫ್-ಸರ್ವಿಸ್ ರೀಸೆಟ್ ಶುರುಮಾಡಿಸಿ, ನೋಂದಾಯಿಸಿಕೊಳ್ಳುವ ಬಗೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿದಿರಿ. ಈಗ ತಿಂಗಳಿಗೆ 9. ಉಳಿದದ್ದು 31 ಟಿಕೆಟ್, 372 ನಿಮಿಷ, ವರ್ಷಕ್ಕೆ ಸುಮಾರು 74 ಗಂಟೆ. ಸಹಾಯಕ್ಕಾಗಿ ಕಾದು ಕೂರುತ್ತಿದ್ದ ಸಿಬ್ಬಂದಿಯ ಸಮಯ ಇದರಲ್ಲಿ ಸೇರಿಲ್ಲ. ಇಂಥ ನಾಲ್ಕು ಸಾಲು ಸಾಕು, ಹದಿನಾಲ್ಕು ಬೇಡ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆ ಗಡುವಿನೊಳಗೆ ಎಷ್ಟು ಯಂತ್ರಗಳನ್ನು 11ಕ್ಕೆ ದಾಟಿಸಿದಿರಿ, ಟಿಪಿಎಂ ಎಂಬ ಭದ್ರತಾ ಚಿಪ್ ಇಲ್ಲದ್ದಕ್ಕೆ ಎಷ್ಟನ್ನು ಬದಲಿಸಬೇಕಾಯಿತು, ಆ ಪಟ್ಟಿಯನ್ನು ತಯಾರಿಸಿದವರು ಯಾರು, ಇವೆಲ್ಲ ಒಳ್ಳೆಯ ಸಾಲುಗಳು. ಮತ್ತೆ ತೆರೆದ ಟಿಕೆಟ್‌ಗಳ ಪ್ರಮಾಣ, ಎಸ್ಎಲ್ಎ (ಬಗೆಹರಿಸಲು ಒಪ್ಪಿದ ಗಡುವು) ತಪ್ಪಿದ ಸಂಖ್ಯೆ, ಬಳಕೆದಾರರು ಕೊಟ್ಟ ಅಂಕ ಇವನ್ನೂ ಸೇರಿಸಬಹುದು. ಆದರೆ ಹಿಂದಿನ ವರ್ಷದ್ದನ್ನು ಪಕ್ಕದಲ್ಲಿಟ್ಟರೆ ಮಾತ್ರ ಅದಕ್ಕೆ ಅರ್ಥ.

ಇಲ್ಲೊಂದು ಅಪಾಯ. ಈ ಲೆಕ್ಕಕ್ಕಾಗಿ ಟಿಕೆಟ್ ಡೇಟಾವನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದರಲ್ಲಿ ಜನರ ಹೆಸರು, ಫೋನ್, ಯಂತ್ರದ ವಿವರ ಇರುತ್ತದೆ. ಡೇಟಾ ಹೊರಗೆ ಹೋಯಿತೆಂದು ಶಿಸ್ತುಕ್ರಮಕ್ಕೆ ಒಳಗಾದರೆ ಸಂಬಳದ ಮಾತಿರಲಿ, ಸ್ಪಾನ್ಸರ್‌ಶಿಪ್ಪೇ ಅಲುಗಾಡುತ್ತದೆ. ಕೆಲಸದ ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಳ್ಳಿ, ನಂಬರುಗಳು ಸಾಕು.

ಎಷ್ಟು ಕೇಳಬೇಕು? ಎಲ್ಲರೂ ಹೇಳುವ ಸಲಹೆ ರೀಡ್, ಟೋಟಲ್‌ಜಾಬ್ಸ್, ಐಟಿ ಜಾಬ್ಸ್ ವಾಚ್ ನೋಡಿ ಅಂತ. ಸ್ಪಾನ್ಸರ್‌ಶಿಪ್ ಮೇಲೆ ಬಂದವರಿಗೆ ಇದು ತಿರುಗುಬಾಣ ಆಗಬಹುದು. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 41,700 ಪೌಂಡ್. ಸೆಕೆಂಡ್ ಲೈನ್ ಜಾಹೀರಾತುಗಳಲ್ಲಿ ಎಷ್ಟೋ ಇದಕ್ಕಿಂತ ಕಡಿಮೆ ತೋರಿಸುತ್ತವೆ. "ಮಾರ್ಕೆಟ್‌ನಲ್ಲಿ ಇಷ್ಟಿದೆ" ಎಂದು ನೀವು ಅದೇ ಹುದ್ದೆಯ ಪಟ್ಟಿ ಇಟ್ಟರೆ, ಎಚ್‌ಆರ್ ಅದನ್ನೇ ನಿಮ್ಮ ಮುಂದೆ ತಿರುಗಿಸಿ ಇಡುತ್ತದೆ. ಹೋಲಿಸಬೇಕಾದದ್ದು ನೀವು ಈಗ ಮಾಡುತ್ತಿರುವ ಕೆಲಸದ ಜಾಹೀರಾತುಗಳನ್ನು: ಥರ್ಡ್ ಲೈನ್, ಎಂಡ್‌ಪಾಯಿಂಟ್ ಎಂಜಿನಿಯರ್ (ಸಿಬ್ಬಂದಿಯ ಯಂತ್ರಗಳನ್ನು ನಿಭಾಯಿಸುವವರು). ಅದೇ ಊರಿನವು ಎಂಟು-ಹತ್ತು ಆರಿಸಿ. "ಗರಿಷ್ಠ ಇಷ್ಟು" ಎಂದಷ್ಟೇ ಹಾಕಿದವನ್ನು ಬಿಟ್ಟುಬಿಡಿ, ಅವು ಗಾಳ.

ಒಂದೇ ಅಂಕಿ ಹೇಳಿ. "45ರಿಂದ 48" ಎಂದರೆ ಅವರ ಕಿವಿಗೆ ಬೀಳುವುದು 45. ಆ ಅಂಕಿಯಿಂದ ನಿಮ್ಮ ಕೈಗೆ ಎಷ್ಟು ಬರುತ್ತದೆಂದೂ ಗೊತ್ತಿರಲಿ. 42,000ದಿಂದ 45,000ಕ್ಕೆ ಏರಿದರೆ 3,000ದಲ್ಲಿ ಪೆನ್ಶನ್‌ಗೆ ಶೇ 5ರಂತೆ 150, ಉಳಿದ 2,850ಕ್ಕೆ (ಸ್ಕಾಟ್ಲೆಂಡ್ ಬಿಟ್ಟು ಬೇರೆ ಕಡೆ) ಶೇ 20 ತೆರಿಗೆ 570, ನ್ಯಾಷನಲ್ ಇನ್ಶೂರೆನ್ಸ್ ಶೇ 8ರಂತೆ 240. ಕೈಗೆ 2,040, ತಿಂಗಳಿಗೆ 170 ಪೌಂಡ್. ಕಂಪನಿಗೆ ತಗಲುವುದು 3,000 ಅಲ್ಲ. ಅವರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ ಶೇ 15, ಪೆನ್ಶನ್ ಕನಿಷ್ಠ ಶೇ 3 ಸೇರಿ 3,540. ಮ್ಯಾನೇಜರ್ ಮೇಲಿನವರ ಹತ್ತಿರ ಕೇಳುವುದು ಆ ದೊಡ್ಡ ಅಂಕಿಯನ್ನು, ಅದಕ್ಕೆ ಅವರಿಗೆ ಒಂದು ಪುಟದ ಕಾರಣ ಬೇಕು. ಆ ಪುಟವನ್ನು ನೀವೇ ಬರೆದು ಗಡುವಿಗೆ ಮೂರು ವಾರ ಮುಂಚೆ ಕೊಡಿ. ಅವರು ಅದನ್ನು ಹಾಗೇ ಮೇಲಕ್ಕೆ ಕಳಿಸುವಂತಿರಲಿ.

ಕೇಳುವುದು ಬೇಸಿಕ್ ಸಂಬಳದಲ್ಲೇ ಇರಲಿ. ಬೋನಸ್, ಓವರ್‌ಟೈಮ್, ಆನ್-ಕಾಲ್ ಭತ್ಯೆ ಇವು ವೀಸಾ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ವೀಸಾ ವಿಸ್ತರಣೆಯ ಹೊತ್ತಿಗೆ ಮಿತಿ ಏರಿದ್ದರೆ ನಿಮ್ಮನ್ನು ಕಾಯುವುದು ಬೇಸಿಕ್ ಮಾತ್ರ. ಹಾಗೆಂದು ಆನ್-ಕಾಲ್ ಅನ್ನು ಪುಕ್ಕಟೆ ಮಾಡಬೇಕಿಲ್ಲ. ನಾಲ್ಕು ವಾರಕ್ಕೊಂದು ಎಂದರೆ ವರ್ಷಕ್ಕೆ 13 ವಾರ ರಾತ್ರಿ ಫೋನ್ ತಲೆದಿಂಬಿನ ಪಕ್ಕ. ಅದಕ್ಕೆ ವಾರಕ್ಕಿಷ್ಟು, ಕರೆ ಬಂದರೆ ಗಂಟೆಗಿಷ್ಟು ಎಂದು ಬೇರೆಯಾಗಿಯೇ ಮಾತಾಡಿ. ನಿಯಮದ ಪ್ರಕಾರ ದಿನಕ್ಕೆ 11 ಗಂಟೆ ಬಿಡುವು ಇರಬೇಕು. ರಾತ್ರಿ ಎರಡಕ್ಕೆ ಸರ್ವರ್ ಎಬ್ಬಿಸಿದವರು ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗುವ ವ್ಯವಸ್ಥೆ ಇದ್ದರೆ ಅದನ್ನೂ ಇದೇ ಹೊತ್ತಿನಲ್ಲಿ ಎತ್ತಿ.

ಸೆಲ್ಫ್-ಅಸೆಸ್‌ಮೆಂಟ್ ಫಾರಂ ಬರುತ್ತದೆ. ನಮ್ಮವರು ಅದರಲ್ಲಿ ಐದಕ್ಕೆ ಮೂರು ಹಾಕಿಕೊಂಡು ವಿನಯ ಮೆರೆಯುತ್ತಾರೆ. ಮ್ಯಾನೇಜರ್ ಅದಕ್ಕಿಂತ ಮೇಲೆ ಹಾಕಬೇಕಾದರೆ ಮೇಲಿನವರಿಗೆ ಸಮಜಾಯಿಷಿ ಕೊಡಬೇಕು, ಹಾಗಾಗಿ ಮೂರೇ ನಿಲ್ಲುತ್ತದೆ. ಪುರಾವೆ ಇರುವ ಕಡೆ ನಾಲ್ಕು ಹಾಕಿ, ಪಕ್ಕದಲ್ಲಿ ಟಿಕೆಟ್ ನಂಬರ್ ಬರೆಯಿರಿ.

ಮೀಟಿಂಗ್‌ನಲ್ಲಿ ಹೇಳುವುದು ಎರಡೇ ವಾಕ್ಯ: "ನಾನು ಕಳಿಸಿದ ಪುಟದಲ್ಲಿರುವ ಕೆಲಸ ಥರ್ಡ್ ಲೈನ್ ಮಟ್ಟದ್ದು. ಅದಕ್ಕೆ ತಕ್ಕಂತೆ ನನ್ನ ಸಂಬಳವನ್ನು 45,000ಕ್ಕೆ ಪರಿಶೀಲಿಸಬೇಕೆಂದು ಕೇಳುತ್ತಿದ್ದೇನೆ." ಆಮೇಲೆ ಸುಮ್ಮನಿರಿ. ಮೌನ ಸಹಿಸಲಾಗದೆ "ಪರವಾಗಿಲ್ಲ, ಆಗದಿದ್ದರೂ ನಡೆಯುತ್ತೆ" ಎಂದು ನಾವೇ ಸೇರಿಸಿ ಕೆಲಸ ಕೆಡಿಸಿಕೊಳ್ಳುತ್ತೇವೆ. ಪಕ್ಕದವರ ಸಂಬಳದ ಮಾತು ಬೇಡ. ಇನ್ನೊಂದು ಆಫರ್ ಕೈಯಲ್ಲಿಲ್ಲದೆ ಬಿಡುತ್ತೇನೆ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಹೊಸ ಕಂಪನಿಗೂ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನು ವೀಸಾ ಮೇಲೆ ಇಟ್ಟುಕೊಳ್ಳುವ ಅನುಮತಿ) ಬೇಕೆಂದು ಅವರಿಗೆ ಗೊತ್ತು. ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿ ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ, ನೀವು ನೋಡಿಟ್ಟುಕೊಳ್ಳಿ.

ಉತ್ತರ ಅರ್ಥಮಾಡಿಕೊಳ್ಳುವುದು ಇನ್ನೊಂದು ವಿದ್ಯೆ. ಇಲ್ಲಿಯವರು ಮುಖಕ್ಕೆ ಹೊಡೆದಂತೆ 'ಇಲ್ಲ' ಅನ್ನುವುದು ಅಪರೂಪ. "ಲೀವ್ ಇಟ್ ವಿತ್ ಮಿ" ಎಂದರೆ ನೋಡೋಣ ಎಂದಷ್ಟೇ. ನೀವು ಮತ್ತೆ ಕೇಳದಿದ್ದರೆ ಅಲ್ಲಿಗೆ ಮುಗಿಯಿತು. ಅದೇ ಸಂಜೆ ನಾಲ್ಕು ಸಾಲಿನ ಇಮೇಲ್ ಹಾಕಿ: ಏನು ಕೇಳಿದೆ, ನೀವೇನು ಹೇಳಿದಿರಿ, ಯಾವ ದಿನ ಮತ್ತೆ ಮಾತಾಡೋಣ. "ಈ ವರ್ಷ ಬಜೆಟ್ ಇಲ್ಲ" ಎಂದರೆ ಆರು ತಿಂಗಳಿಗೆ ಮಧ್ಯಂತರ ರಿವ್ಯೂ ಕೇಳಿ, ಏನೇನು ಆದರೆ ಕೊಡುತ್ತೀರಿ ಎಂಬುದನ್ನು ಬರಹದಲ್ಲಿ ಪಡೆಯಿರಿ. "ಸದ್ಯಕ್ಕೆ ಸೀನಿಯರ್ ಅನ್ನೋ ಹೆಸರು ತಗೊಳ್ಳಿ, ದುಡ್ಡು ಆಮೇಲೆ" ಎಂದರೆ ದಿನಾಂಕವಿಲ್ಲದೆ ಒಪ್ಪಬೇಡಿ, ಜೊತೆಗೆ ಆ ಕೋಡ್ ವಿಷಯ ಮರೆಯಬೇಡಿ. ದುಡ್ಡಿನ ಬದಲು ಟ್ರೈನಿಂಗ್ ಕೊಟ್ಟರೆ ತೆಗೆದುಕೊಳ್ಳಿ, ಮೈಕ್ರೋಸಾಫ್ಟ್‌ನ ಎಜೆಡ್-104 ಅಥವಾ ಎಂಡಿ-102 ಪರೀಕ್ಷೆ ಥರ್ಡ್ ಲೈನ್ ವಾದಕ್ಕೆ ನೆರವಾಗುತ್ತದೆ. ಸಹಿ ಹಾಕುವ ಮುಂಚೆ ಇಷ್ಟು ತಿಂಗಳೊಳಗೆ ಬಿಟ್ಟರೆ ಖರ್ಚು ವಾಪಸ್ ಕೊಡಬೇಕೆಂಬ ಷರತ್ತು ಇದೆಯೇ ನೋಡಿ.

ಒಪ್ಪಿದರು ಎಂದಿಟ್ಟುಕೊಳ್ಳಿ. ಕಾಗದದಲ್ಲಿ ಹೊಸ ಸಂಬಳ ಮತ್ತು ಜಾರಿಗೆ ಬರುವ ದಿನಾಂಕ ಎರಡೂ ಇರಬೇಕು. ಏಪ್ರಿಲ್ 1ರಿಂದ ಎಂದು ಬರೆದು, ಪೇರೋಲ್ ತಡವಾಗಿ ಜೂನ್‌ನಲ್ಲಿ ಜಾರಿಯಾದರೆ ಆ ತಿಂಗಳ ಪೇಸ್ಲಿಪ್‌ನಲ್ಲಿ ಏಪ್ರಿಲ್, ಮೇ ಎರಡರ ಬಾಕಿ 500 ಪೌಂಡ್ ಬೇರೆ ಸಾಲಿನಲ್ಲಿ ಕಾಣಬೇಕು. ಕಾಣದಿದ್ದರೆ ಅದೇ ವಾರ ಪೇರೋಲ್‌ಗೆ ಒಂದು ಟಿಕೆಟ್ ಎತ್ತಿ.