ನೆಲದಡಿ ಒಲೆ ಹಚ್ಚಿದವರು ಯಾರು?

ಪ್ರಶ್ನೆ: ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಕೊಂಕಣದ ಕಡೆ ಹೋಗಿದ್ದೆವು. ರತ್ನಾಗಿರಿ ಜಿಲ್ಲೆಯ ತುರಳ ಎಂಬ ಊರಲ್ಲಿ ಹೈವೇ ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ ನೋಡಿದೆವು. ಕೈ ಇಡಲಿಕ್ಕೂ ಆಗದಷ್ಟು ಬಿಸಿ. ಕೆಳಗೆ ಜ್ವಾಲಾಮುಖಿ ಇದೆ ಎಂದು ನಮ್ಮ ಡ್ರೈವರ್ ಹೇಳಿದ. ಊರಿಗೆ ಬಂದ ಮೇಲೆ ನನಗೊಂದು ಅನುಮಾನ. ನಮ್ಮ ಹೊಲದ ಬೋರ್ 480 ಅಡಿ ಇದೆ. ಚಳಿಗಾಲದ ಬೆಳಿಗ್ಗೆ ಮೋಟರ್ ಹಾಕಿದರೆ ನೀರಿನಿಂದ ಹಬೆ ಏಳುತ್ತದೆ. ಹಾಗಾದರೆ ನಮ್ಮ ಹೊಲದಡಿಯೂ ಅಂಥ ಬುಗ್ಗೆ ಇದೆಯೇ?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಬೋರ್ ಮಾತು ಮುಗಿಸೋಣ. ಅದರಡಿ ಬುಗ್ಗೆ ಇಲ್ಲ. ಆದರೆ ನೀವು ಕಂಡದ್ದು ಸುಳ್ಳಲ್ಲ.

ಮೂವತ್ತು ವರ್ಷ ನಾನು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬೋರ್ ಪಾಯಿಂಟ್ ನೋಡುತ್ತ ಓಡಾಡಿದವನು. ಬೆಳಗಿನ ಜಾವ ನಾಲ್ಕಕ್ಕೆ ರಿಗ್ಗಿಗೆ ನೀರು ಬಿದ್ದಾಗ ಹುಡುಗರೆಲ್ಲ ಓಡಿ ಬಂದು ಆ ನೀರಿಗೆ ಕೈಯೊಡ್ಡುತ್ತಿದ್ದರು. ಬೂದಿ ಬಣ್ಣದ ಕಲ್ಲುಹುಡಿಯ ನೀರು. ಆ ಚಳಿಯಲ್ಲಿ ಅದು ಎಷ್ಟು ಹಿತವಾಗಿ ಬೆಚ್ಚಗಿರುತ್ತಿತ್ತು ಎಂದು ನನ್ನ ಕೈಗೆ ಇನ್ನೂ ನೆನಪಿದೆ. ಅದೇ ನೀರು ಮೇ ತಿಂಗಳ ಮಧ್ಯಾಹ್ನ ತಣ್ಣಗೆ ಅನಿಸುತ್ತದೆ, ಅಲ್ವಾ? ನೀರು ಬದಲಾಗಿಲ್ಲ. ಬದಲಾಗಿದ್ದು ಹೊರಗಿನ ಗಾಳಿ.

ಬಿಸಿಲು, ಚಳಿಯ ಏರಿಳಿತ ನೆಲದೊಳಗೆ ಹೆಚ್ಚು ದೂರ ಇಳಿಯುವುದಿಲ್ಲ. ಹತ್ತಿಪ್ಪತ್ತು ಮೀಟರ್ ದಾಟಿದರೆ ವರ್ಷವಿಡೀ ಒಂದೇ ಹದ. ಆ ಊರಿನ ಗಾಳಿಯ ವರ್ಷದ ಸರಾಸರಿ ಎಷ್ಟೋ ನೆಲವೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ನಮ್ಮ ಭಾಗದಲ್ಲಿ ಅದು 27, 28 ಡಿಗ್ರಿ. ನಿಮ್ಮ ಬೋರ್ 480 ಅಡಿ ಎಂದರೆ ಸುಮಾರು 150 ಮೀಟರ್. ಅಷ್ಟು ಕೆಳಗಿಳಿದಿದ್ದಕ್ಕೆ ಇನ್ನೆರಡು ಡಿಗ್ರಿ ಸೇರಿಸಿ. ಒಟ್ಟು 30 ಆಯಿತು. ಡಿಸೆಂಬರ್ ಬೆಳಿಗ್ಗೆ ಹೊರಗೆ 15, 16 ಡಿಗ್ರಿ ಇದ್ದಾಗ ಆ ನೀರು ಹಬೆಯಾಡದೆ ಇನ್ನೇನು ಮಾಡೀತು?

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಒಂದು ಥರ್ಮಾಮೀಟರ್ ತನ್ನಿ. ಜ್ವರ ನೋಡುವುದಲ್ಲ, ಶಾಲೆಯ ಲ್ಯಾಬಿನಲ್ಲಿ ಇರುವಂಥದ್ದು. ಮೋಟರ್ ಅರ್ಧ ಗಂಟೆ ಓಡಲಿ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋಗಲಿ. ಆಮೇಲೆ ಪೈಪಿನ ಬಾಯಲ್ಲೇ ಬಕೆಟ್ ಹಿಡಿದು ಅಳೆದು, ಬಾಗಿಲ ಹಿಂದೆ ಬರೆದಿಡಿ. ಮೇ ತಿಂಗಳಲ್ಲಿ ಮತ್ತೆ ಅಳೆಯಿರಿ. ಎರಡೂ ಹತ್ತಿರ ಹತ್ತಿರವೇ ಬರುತ್ತವೆ.

ಈಗ ತುರಳಕ್ಕೆ ಹೋಗೋಣ. ಅಲ್ಲಿನ ನೀರು 60 ಡಿಗ್ರಿಯ ಆಸುಪಾಸು. ನಿಮ್ಮ ಡ್ರೈವರ್ ಹೇಳಿದ್ದರಲ್ಲಿ ಒಂದೆಳೆ ನಿಜವಿದೆ. ಕೊಂಕಣದ ಆ ಕಪ್ಪು ಕಲ್ಲು ಒಂದು ಕಾಲಕ್ಕೆ ಲಾವಾ ಆಗಿ ಹರಿದದ್ದೇ. ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು. ಆ ಒಲೆ ಆರಿ, ಬೂದಿಯೂ ತಣ್ಣಗಾಗಿ ಎಷ್ಟೋ ಕಾಲವಾಯಿತು. ಇವತ್ತಿನ ಬಿಸಿ ಅದರದ್ದಲ್ಲ.

ತುರಳದಲ್ಲಿ ನೀವು ಮುಟ್ಟಿದ್ದು ಮಳೆನೀರು. ಹಳೆಯ ಮಳೆನೀರು. ಸಹ್ಯಾದ್ರಿಯ ಮೇಲೆ ಬಿದ್ದದ್ದರಲ್ಲಿ ಒಂದಿಷ್ಟು ಬಿರುಕು ಹಿಡಿದು ಇಳಿಯುತ್ತ ಹೋಗುತ್ತದೆ. ಕಿಲೋಮೀಟರುಗಟ್ಟಲೆ ಇಳಿಯುತ್ತದೆ. ಭೂಮಿಯೊಳಗೆ ಎಲ್ಲ ಕಡೆಯೂ ಬಿಸಿ ಇದ್ದೇ ಇದೆ. ಭೂಮಿ ಹುಟ್ಟಿದಾಗಿನ ಕಾವು ಸ್ವಲ್ಪ, ಕಲ್ಲಿನೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ವಿಕಿರಣ ಸೂಸುತ್ತ ನಿಧಾನವಾಗಿ ಬೇರೆ ಧಾತುಗಳಾಗುವಾಗ ಕೊಡುವ ಕಾವು ಸ್ವಲ್ಪ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ಬಿಸಿಯಾದ ನೀರು ಹಗುರ. ಹಿಂದಿನಿಂದ ಬೆಟ್ಟದ ತಣ್ಣೀರು ತಳ್ಳುತ್ತಿರುತ್ತದೆ. ಮೇಲೇರಲು ಒಂದು ಒಳ್ಳೆಯ ಬಿರುಕು ಸಿಕ್ಕಿತೋ, ಬುಗ್ಗೆಯಾಗಿ ಹೊರಬರುತ್ತದೆ.

ಇದರಲ್ಲಿ ಮುಖ್ಯವಾದದ್ದು ಆ ಬಿರುಕು. ಹಂಡೆಯ ಬಿಸಿನೀರನ್ನು ಚೊಂಬು ಚೊಂಬಾಗಿ ಹಿತ್ತಲಿನಿಂದ ಅಂಗಳಕ್ಕೆ ಹೊತ್ತರೆ ದಾರಿಯಲ್ಲೇ ಆರಿಹೋಗುತ್ತದೆ. ನೆಲದೊಳಗೂ ಹಾಗೇ. ನಿಧಾನವಾಗಿ ಜಿನುಗಿದರೆ ಕಾವೆಲ್ಲ ಸುತ್ತಲಿನ ಕಲ್ಲಿಗೇ ಹೋಗುತ್ತದೆ. ಬೇಗ ಏರಬೇಕು. ಪಶ್ಚಿಮ ಕರಾವಳಿಗೆ ಅಂಥ ಆಳದ ಬಿರುಕುಗಳಿವೆ. ಅದಕ್ಕೇ ವಜ್ರೇಶ್ವರಿ, ಗಣೇಶಪುರಿಯಿಂದ ಹಿಡಿದು ಉನ್ಹವರೆ, ತುರಳ, ರಾಜಾಪುರದವರೆಗೆ ಬುಗ್ಗೆಗಳು ಸಾಲಾಗಿ ಪೋಣಿಸಿದ ಹಾಗಿವೆ. ನಕ್ಷೆಯಲ್ಲಿ ಚುಕ್ಕೆ ಇಟ್ಟು ನೋಡಿ.

ಹಾಗಾದರೆ ನಮ್ಮಲ್ಲೇಕಿಲ್ಲ? ನಮ್ಮದು ತುಂಬಾ ಹಳೆಯ, ದಪ್ಪನೆಯ, ತಣಿದ ನೆಲ. ಗಂಗಾವತಿ, ಆನೆಗೊಂದಿ ಸುತ್ತಲಿನ ಗುಂಡುಗಳು 250 ಕೋಟಿ ವರ್ಷದ ಗ್ರಾನೈಟ್. ಇಲ್ಲಿ ಕಿಲೋಮೀಟರಿಗೆ ಏರುವ ಕಾವು ಬೇರೆ ಕಡೆಯ ಅರ್ಧದಷ್ಟು. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿತ್ತು. ಬೇರೆ ಕಡೆಯ ಲೆಕ್ಕ ಹಾಕಿದರೆ ಅಲ್ಲಿ ಕಲ್ಲು ನೂರು ಡಿಗ್ರಿ ದಾಟಬೇಕಿತ್ತು. ಇದ್ದದ್ದು ಸುಮಾರು 65. ಕೆಲಸ ಮಾಡುವವರಿಗೆ ಅದೂ ಕುಲುಮೆಯೇ, ಗಾಳಿ ತಣಿಸಿ ಒಳಗೆ ಬಿಡಬೇಕಾಗಿತ್ತು. ಆದರೆ ಭೂಮಿಯ ಲೆಕ್ಕದಲ್ಲಿ ಅದು ತಣ್ಣನೆಯ ಕಲ್ಲು. ನಮ್ಮ ಹಟ್ಟಿ ಗಣಿ ಇರುವುದೂ ಇದೇ ಬಗೆಯ ಹಳೆಯ ನೆಲದಲ್ಲಿ.

ಮಳೆಯೂ ನೋಡಿ. ರತ್ನಾಗಿರಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಬೀಳುತ್ತದೆ. ನಮಗೆ 600ರ ಆಸುಪಾಸು. ತಳ್ಳಲು ಸಹ್ಯಾದ್ರಿಯಂಥ ಬೆಟ್ಟವೂ ಹಿಂದಿಲ್ಲ. ನಮ್ಮ ಬಿರುಕುಗಳು ಬೋರಿಗೆ ನೀರು ಕೊಡುತ್ತವೆ, ನಿಜ. ಆದರೆ ಆಳ ಹೋದಂತೆ ಕಲ್ಲಿನ ಭಾರಕ್ಕೆ ಬಿಗಿದುಕೊಳ್ಳುತ್ತವೆ. ಇನ್ನಷ್ಟು ಆಳ ಕೊರೆಸಿದರೆ ನೀರು ಖಂಡಿತ ಎಂದು ಸಾಲ ಮಾಡಿ ಕೈಸುಟ್ಟುಕೊಂಡ ರೈತರನ್ನು ಬಹಳ ನೋಡಿದ್ದೇನೆ. ಈ ಮಾತು ನಿಮಗೂ ಇರಲಿ.

ಒಮ್ಮೆ ಅವ್ವನನ್ನು ಹಿಮಾಚಲ ಪ್ರದೇಶದ ಮಣಿಕರ್ಣಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ನೀರು ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ. ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡುತ್ತಾರೆ, ಅನ್ನವಾಗುತ್ತದೆ. ಅವ್ವ ಗಂಟು ಬಿಚ್ಚಿ ಒಂದು ಅಗುಳು ಹಿಸುಕಿ ನೋಡಿದಳು. ಚೆನ್ನಾಗಿ ಬೆಂದಿತ್ತು. ಆಮೇಲೆ ಕುಂಡದ ಸುತ್ತಮುತ್ತ ಕಣ್ಣಾಡಿಸಿ ಕೇಳಿದಳು: "ಇದರ ಒಲಿ ಎಲ್ಲೈತಪ್ಪ? ಉರಿ ಹಾಕೋರು ಯಾರು?" ಇಡೀ ಭೂವಿಜ್ಞಾನ ಉತ್ತರ ಹುಡುಕಿದ್ದು ಆ ಪ್ರಶ್ನೆಗೇ. ಹಿಮಾಲಯ ಇನ್ನೂ ಮೇಲೇಳುತ್ತಿರುವ ಬೆಟ್ಟ. ಅದು ಏಳುತ್ತ ಆಳದ ಬಿಸಿ ಕಲ್ಲನ್ನೂ ಮೇಲಕ್ಕೆ ತರುತ್ತದೆ. ಒಲೆಯೇ ಅಟ್ಟಕ್ಕೆ ಬಂದ ಹಾಗೆ. ಅವ್ವನಿಗೆ ಹೀಗೆ ಹೇಳಿದಾಗ ಒಪ್ಪಿಕೊಂಡಳು.

ಪ್ರಶ್ನೆ: ನಮ್ಮ ತಾಯಿಗೆ ಮಂಡಿನೋವು. ಪುತ್ತೂರಿನ ಹತ್ತಿರ ಬೆಂದ್ರ್ ತೀರ್ಥ ಇದೆಯಂತೆ. ಕರೆದುಕೊಂಡು ಹೋಗಬಹುದೇ? ಆ ನೀರನ್ನು ಕ್ಯಾನಿನಲ್ಲಿ ತಂದು ದಿನಾ ಕುಡಿಸಬಹುದೇ?
— ಓದುಗರು, ಸಿಂಧನೂರು

ಉತ್ತರ: ಕರೆದುಕೊಂಡು ಹೋಗಿ. ತುಳುವಿನಲ್ಲಿ ಬೆಂದ್ರ್ ಎಂದರೇ ಬಿಸಿನೀರು. ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದಲ್ಲಿದೆ. ತುರಳದಂತೆ ಸುಡುವುದಿಲ್ಲ. 40 ಡಿಗ್ರಿ ಆಸುಪಾಸು, ಅಂದರೆ ಮನೆಯಲ್ಲಿ ಸ್ನಾನಕ್ಕೆ ಹದ ಮಾಡಿಕೊಂಡ ನೀರಿನಷ್ಟು. ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ ಬೇಡ. ಹೊರಡುವ ಮುನ್ನ ನೀರು ಹೇಗಿದೆ ಎಂದು ಪುತ್ತೂರಿನ ಕಡೆ ಯಾರನ್ನಾದರೂ ವಿಚಾರಿಸಿಕೊಳ್ಳಿ. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಹತ್ತು ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇಳಿಸಬೇಡಿ. ಯಾವ ಬುಗ್ಗೆಯಲ್ಲೂ ತಲೆ ಮುಳುಗಿಸಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಬೆಚ್ಚಗಿನ ಸಿಹಿನೀರಿನಲ್ಲಿ ಒಂದು ಬಗೆಯ ಅಮೀಬಾ ಇರಬಹುದು. ಅದು ಮೂಗಿನ ಮೂಲಕ ಮಿದುಳಿಗೆ ಹೋದರೆ ಜೀವ ಉಳಿಯುವುದು ಕಷ್ಟ. ಇದು ಅಪರೂಪ, ಆದರೆ ಮೂಗಿಗೆ ನೀರು ಹೋಗದಂತೆ ನೋಡಿಕೊಂಡರೆ ಆ ಭಯವೇ ಇಲ್ಲ.

ಕುಡಿಸುವ ಮಾತಿಗೆ ಮಾತ್ರ ಬೇಡ ಎನ್ನುತ್ತೇನೆ, ಗಟ್ಟಿಯಾಗಿ. ಬಿಸಿನೀರು ಕಲ್ಲಿನೊಳಗೆ ಬಹಳ ಕಾಲ ಇದ್ದು ಬರುತ್ತದೆ. ಕಲ್ಲಿನಲ್ಲಿರುವುದನ್ನು ಕರಗಿಸಿಕೊಂಡು ಬರುತ್ತದೆ, ಫ್ಲೋರೈಡನ್ನೂ. ಅನೇಕ ಬುಗ್ಗೆಗಳ ನೀರಿನಲ್ಲಿ ಅದು ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಬೋರ್‌ಗಳಲ್ಲೇ ಅದು ದಾಟಿದೆ. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು, ನಲವತ್ತಕ್ಕೇ ಸೊಂಟ ಬಾಗಿದವರನ್ನು ಊರೂರಲ್ಲಿ ನೋಡಿ ನೊಂದವನು ನಾನು. ನಿಮ್ಮ ತಾಯಿಯ ಮಂಡಿನೋವಿಗೂ ಅದೇ ಕಾರಣ ಇರಬಹುದು. ತೀರ್ಥಯಾತ್ರೆಗೆ ಮೊದಲು ಮನೆಯ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ತಾಯಿಯನ್ನು ಮೂಳೆ ಡಾಕ್ಟರಿಗೂ ತೋರಿಸಿ.

ಪ್ರಶ್ನೆ: ಸರ್, ಬಿಸಿ ಬುಗ್ಗೆಯ ಕಲ್ಲಿನ ಮೇಲೆ ಹಸಿರು, ಕಿತ್ತಳೆ ಬಣ್ಣದ ಲೋಳೆ ನೋಡಿದೆ. ಅಷ್ಟು ಬಿಸಿಯಲ್ಲಿ ಅದು ಬೇಯುವುದಿಲ್ಲವೇ?
— ಪಿಯು ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬೇಯುವುದಿಲ್ಲ ತಂಗಿ. ಅವು ಬಿಸಿಗೇ ಒಗ್ಗಿಕೊಂಡ ಸೂಕ್ಷ್ಮಜೀವಿಗಳು. ಹಸಿರು ಬಣ್ಣದವು ಸುಮಾರು 73 ಡಿಗ್ರಿವರೆಗೂ ಬದುಕುತ್ತವೆ. ಅಮೆರಿಕದ ಯೆಲ್ಲೋಸ್ಟೋನಿನ ಬುಗ್ಗೆಯಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು 1969ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದರ ಒಂದು ಕಿಣ್ವ ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಇರುವ ಬಿಸಿಯಲ್ಲೂ ಬೇಗ ಕೆಡುವುದಿಲ್ಲ. ಡಿಎನ್ಎ ತುಣುಕನ್ನು ಮತ್ತೆ ಮತ್ತೆ ಕಾಯಿಸಿ, ತಣಿಸಿ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಸುಲಭವಾದದ್ದೇ ಆ ಕಿಣ್ವದಿಂದ. ಕೊರೊನಾ ಕಾಲದಲ್ಲಿ ನಿನ್ನ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದು ಅದೇ ಪರೀಕ್ಷೆ.

ಮುಂದಿನ ಸಲ ಹೋದಾಗ ಆ ಲೋಳೆಯನ್ನು ಕೆರೆಯಬೇಡ, ತುಳಿಯಬೇಡ. ನೀರು ಹುಟ್ಟುವ ಜಾಗದಿಂದ ಹತ್ತು ಹೆಜ್ಜೆ ಕೆಳಗಿನವರೆಗೆ ಬಣ್ಣ ಬದಲಾಗುತ್ತ ಹೋಗುತ್ತದೆ. ಪ್ರತಿ ಬಣ್ಣದ ಹತ್ತಿರ, ಉದ್ದ ಕೋಲಿಗೆ ಕಟ್ಟಿದ ಥರ್ಮಾಮೀಟರ್ ಇಳಿಬಿಟ್ಟು ಅಳತೆ ಬರೆದುಕೋ. ಫೋಟೊ ಜೊತೆ ಆ ಚೀಟಿಯನ್ನೂ ನನಗೆ ಕಳಿಸು.